ಪ್ರಮಾಣಿತ ಬೆನ್ನು

ತೂಕ ಮತ್ತು ಅಳತೆ ಕಚೇರಿಯ ಮೊದಲನೆಯ ಮಹಡಿಯಲ್ಲಿ ಕುಳಿತು ಕೆಲಸ ಮಾಡುವ ನಲವತ್ತೊಂದು ಮಂದಿಯ ಪೈಕಿ ನಲವತ್ತು ಮಂದಿಗೆ ಬೆನ್ನುನೋವು ಇದೆಯೆಂದೂ, ಉಳಿದ ಒಬ್ಬರು ಬೆನ್ನುನೋವಿನ ಕಾರಣ ದೀರ್ಘ ರಜೆಯಲ್ಲಿದ್ದುದರಿಂದ ಅವರನ್ನು ವಿಚಾರಿಸಲು ಸಾಧ್ಯವಾಗಲಿಲ್ಲವೆಂದೂ ಕಚೇರಿಯ ದಾಖಲೆಗಳಿಂದ ತಿಳಿದುಬರುತ್ತದೆ. ಈ ನಲವತ್ತು ಮಂದಿಯಲ್ಲಿ ಎಲ್ಲರಿಗಿಂತ ಹೆಚ್ಚು ಬಾಗಿದವರು ಮುದ್ರೆಯವರು. ಅವರಿಗೂ ತಂದೆತಾಯಿ ಒಂದು ಹೆಸರು ಇಟ್ಟಿದ್ದರು. ಆದರೆ ಇಪ್ಪತ್ತೆಂಟು ವರ್ಷ ತಕ್ಕಡಿ, ತೂಕದ ಕಲ್ಲು, ಅಳತೆಗೋಲುಗಳ ಮೇಲೆ ಕಚೇರಿಯ ಮುದ್ರೆ ಒತ್ತಿ ಒತ್ತಿ ಆ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಅವರು ಬಾಗಿದ್ದು ಒಂದೇ ದಿನದಲ್ಲಲ್ಲ. ಅವರ ಕುರ್ಚಿಯ ಹಿಂದಿನ ಎಡಗಾಲು ಹೆಬ್ಬೆರಳಿನಷ್ಟು ಗಿಡ್ಡ. ಕೂರುವ ಜಾಗದ ಬೆತ್ತದ ಹೆಣಿಗೆ ಜೋತುಬಿದ್ದು ತೊಟ್ಟಿಲಾಗಿತ್ತು. ಮೇಜಿನ ಕಾಲುಗಳಿಗೆ ಗೆದ್ದಲು ಹಿಡಿದಾಗ ತಿಂದಷ್ಟನ್ನೂ ಕೊಯ್ದುಹಾಕಿದ್ದರಿಂದ ಅದು ಅರ್ಧ ಅಡಿ ತಗ್ಗಿತ್ತು. ಅದರ ಮೇಲಿನ ರಿಜಿಸ್ಟರಿನಲ್ಲಿ ಬರೆಯಬೇಕಾದರೆ ಮುದ್ರೆಯವರು ಬಾವಿಯಲ್ಲಿ ಏನೋ ಬಿದ್ದಿದೆಯೆಂದು ಬಗ್ಗಿ ನೋಡುವವರಂತೆ ನೋಡಬೇಕಿತ್ತು. ಆರು ವರ್ಷಗಳ ಹಿಂದೆ ಒಂದು ಸಂಜೆ ಐದೂವರೆಗೆ ಎದ್ದರು, ಬೆನ್ನು ಏಳಲಿಲ್ಲ. ಅಂದಿನಿಂದ ರಸ್ತೆಯಲ್ಲಿ ನಡೆಯುವಾಗ ಯಾರಾದರೂ ನಿಂತು, "ಏನಾದ್ರೂ ಬೀಳಿಸ್ಕೊಂಡ್ರಾ ಸಾರ್?" ಎಂದು ಕೇಳುವುದು, ಅವರು "ಹೂಂ, ನೀವೂ ಸ್ವಲ್ಪ ನೋಡಿ" ಎಂದು ಮುಂದೆ ಹೋಗುವುದು ಮಾಮೂಲಾಯಿತು.

ಇದೆಲ್ಲವನ್ನೂ ಅವರು ಹೊಟ್ಟೆಗೆ ಹಾಕಿಕೊಂಡಿದ್ದರು. ಹಾಕಿಕೊಳ್ಳಲಾಗದ ವಿಷಯ ಒಂದೇ, ಅದು ಮೊಮ್ಮಗಳದು. ಮಗಳ ಮನೆ ಎರಡು ಬೀದಿ ಆಚೆ. ನಾಲ್ಕು ವರ್ಷದ ಪುಟ್ಟಿ ದಿನಾ ಸಂಜೆ ಬಂದು ಗೋಡೆ ಗಡಿಯಾರದ ಕೆಳಗೆ ನಿಂತು ಎರಡೂ ಕೈ ಮೇಲೆತ್ತುತ್ತಿದ್ದಳು. ಗಡಿಯಾರದ ಗಾಜಿನ ಬಾಗಿಲು ತೆಗೆದು ಒಳಗೆ ಓಲಾಡುವ ಹಿತ್ತಾಳೆಯ ಬಿಲ್ಲೆಯನ್ನು ಒಮ್ಮೆ ಮುಟ್ಟಬೇಕೆಂಬುದು ಅವಳ ಆಸೆ. "ತಾತ, ಎತ್ತು." ತಾತನಿಗೆ ಎತ್ತಲು ಆಗುತ್ತಿರಲಿಲ್ಲ. "ಅಜ್ಜಿ ಎತ್ತುತ್ತಾಳೆ" ಎಂದರೆ, "ಅಜ್ಜಿ ಬೇಡ, ತಾತನೇ ಎತ್ತಬೇಕು" ಎಂದು ಮುಖ ಊದಿಸಿಕೊಳ್ಳುತ್ತಿದ್ದಳು. ಒಂದು ದಿನ ಅವಳನ್ನು ಕಚೇರಿಗೆ ಕರೆದೊಯ್ದು ತಾವೇ ಮುದ್ರೆ ಒತ್ತಿದ ತಕ್ಕಡಿಯಲ್ಲಿ ಕೂರಿಸಿ ತೂಗಿದರು. ಹದಿನೈದು ಕಿಲೋ ಇನ್ನೂರು ಗ್ರಾಂ. ಜೀವನದಲ್ಲಿ ಎಷ್ಟೋ ತೂಕಗಳನ್ನು ಬರೆದುಕೊಂಡಿದ್ದ ಮುದ್ರೆಯವರಿಗೆ ಅಳು ಬರಿಸಿದ ತೂಕ ಅದೊಂದೇ.

ಹೆಂಡತಿಯ ಕಾಟ ತಡೆಯಲಾರದೆ ಅವರು ಕಚೇರಿಯ ಹಿಂದಿನ ಬೀದಿಯಲ್ಲಿ ಬೆನ್ನು, ಮೊಣಕಾಲುಗಳಿಗೆ ವ್ಯಾಯಾಮ ಮಾಡಿಸುವ ಫಿಸಿಯೋ ಮೇಡಂ ಹತ್ತಿರ ಹೋದರು. ಆಕೆ ಒತ್ತಿ, ತಟ್ಟಿ, ಮಲಗಿಸಿ, ಎಬ್ಬಿಸಿ ನೋಡಿ ಹೇಳಿದಳು: "ನಿಮಗೆ ಕಾಯಿಲೆ ಏನೂ ಇಲ್ಲ ಸರ್. ಇರೋದು ಕುರ್ಚಿ. ಅದನ್ನ ಬದಲಾಯಿಸಿ, ಮೇಜು ಎತ್ತರ ಮಾಡಿಸ್ಕೊಳ್ಳಿ, ಅರ್ಧ ಗಂಟೆಗೊಂದ್ಸಲ ಎದ್ದು ನಾಲ್ಕು ಹೆಜ್ಜೆ ಓಡಾಡಿ. ನಾನು ಹೇಳಿಕೊಡೋ ವ್ಯಾಯಾಮ ಮಾಡಿ. ಒಂದು ವರ್ಷದೊಳಗೆ ಮೊಮ್ಮಗಳನ್ನ ಎತ್ತಿಲ್ಲ ಅಂದ್ರೆ ಬಂದು ನನ್ನ ಕೇಳಿ."

ಮುದ್ರೆಯವರು ಮರುದಿನವೇ ಅರ್ಜಿ ಬರೆದರು. 'ಕುರ್ಚಿಯ ದೋಷದಿಂದ ನನ್ನ ಬೆನ್ನು ಬಾಗಿರುವುದರಿಂದ ದಯಮಾಡಿ ಬೇರೆ ಕುರ್ಚಿ ಕೊಡಿಸಬೇಕಾಗಿ ವಿನಂತಿ.' ಅಧೀಕ್ಷಕರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, ನೊಂದವರ ಹಾಗೆ ಕೇಳಿದರು.

"ಬಾಗಿದೆ ಅಂತ ಬರೆದಿದ್ದೀರಿ. ಯಾವುದಕ್ಕೆ ಹೋಲಿಸಿ?"

"ನೋಡಿದ್ರೆ ಗೊತ್ತಾಗುತ್ತಲ್ಲ ಸರ್."

"ಮುದ್ರೆಯವರೇ, ಈ ಮಾತು ನಿಮ್ಮ ಬಾಯಲ್ಲಾ! ಇಪ್ಪತ್ತೆಂಟು ವರ್ಷದಲ್ಲಿ ಒಬ್ಬ ಅಂಗಡಿಯವನ ತಕ್ಕಡಿ ಮೋಸ ಅಂತ ಬರೀ ಕಣ್ಣಲ್ಲಿ ನೋಡಿ ಬರೆದಿದ್ದೀರಾ?"

ಮುದ್ರೆಯವರಿಗೆ ನಾಚಿಕೆಯಾಯಿತು. ಮಾತು ನಿಜವೇ. ಕೆಳಗಿನ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಮೂಲಮಾದರಿ ಗೋಲೊಂದಿದೆ. ಊರಿನ ಯಾವ ಗೋಲನ್ನೇ ಆಗಲಿ ಅದರ ಪಕ್ಕ ಇಟ್ಟು ನೋಡದೆ ಉದ್ದವೆಂದಾಗಲಿ ಗಿಡ್ಡವೆಂದಾಗಲಿ ಅನ್ನಲು ಈ ಕಚೇರಿಯಲ್ಲಿ ಯಾರಿಗೂ ಅಧಿಕಾರವಿಲ್ಲ. ಬೆನ್ನಿಗೆ ಅಂಥದೊಂದು ಮೂಲಮಾದರಿ ಇಲ್ಲದೆ ತಮ್ಮ ಬೆನ್ನನ್ನು ಬಾಗಿದ್ದೆಂದು ಕರೆದದ್ದು ತಮ್ಮದೇ ದುಡುಕು ಎಂದು ಒಪ್ಪಿಕೊಂಡರು. ಅರ್ಜಿಯನ್ನು ಬಾಕಿ ಇಡಲಾಯಿತು. ವಾರದಲ್ಲಿ ಸೂಚನಾಫಲಕದ ಮೇಲೆ ಈ ಪ್ರಕಟಣೆ ಕಾಣಿಸಿಕೊಂಡಿತು:

'ಕುಳಿತು ಕೆಲಸ ಮಾಡುವ ಸಿಬ್ಬಂದಿಯ ಬೆನ್ನುಗಳ ಬಗ್ಗೆ ಕಚೇರಿಗೆ ತೀವ್ರ ಕಾಳಜಿ ಇರುವುದರಿಂದ ಬೆನ್ನು ಸಂರಕ್ಷಣಾ ಅಭಿಯಾನವನ್ನು ಕೈಗೊಳ್ಳಲಾಗಿದೆ. ಪ್ರಮಾಣಿತ ಬೆನ್ನನ್ನು ಗೊತ್ತುಪಡಿಸಲು ಐವರ ಸಮಿತಿಯನ್ನು ನೇಮಿಸಲಾಗಿದೆ. ಅಲ್ಲಿಯವರೆಗೆ ಬೆನ್ನುನೋವು ಎಂಬ ಪದವನ್ನು ಬಳಸತಕ್ಕದ್ದಲ್ಲ. ಬೆನ್ನಿನ ಅನಿಸಿಕೆ ಎನ್ನತಕ್ಕದ್ದು. ಪ್ರತಿ ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಲು ಇಚ್ಛಿಸುವವರು ನಮೂನೆ ಏಳನ್ನು ಎರಡು ಪ್ರತಿಗಳಲ್ಲಿ, ಕುಳಿತು ಭರ್ತಿ ಮಾಡಿ ಸಲ್ಲಿಸತಕ್ಕದ್ದು.'

ನಮೂನೆ ಏಳರಲ್ಲಿ ಮೂವತ್ತಾರು ಪ್ರಶ್ನೆಗಳಿದ್ದವು. ಈ ಹಿಂದೆ ಎದ್ದು ನಿಂತ ದಿನಾಂಕಗಳು, ನಿಂತ ಉದ್ದೇಶ, ನಿಂತದ್ದರಿಂದ ಕಚೇರಿಗೆ ಆದ ಪ್ರಯೋಜನ, ಮತ್ತೆ ಕೂರುವ ಬಗ್ಗೆ ಮುಚ್ಚಳಿಕೆ. ಚುರುಕಾದ ಗುಮಾಸ್ತನಿಗೂ ಭರ್ತಿ ಮಾಡಲು ನಲವತ್ತು ನಿಮಿಷ ಹಿಡಿಯುತ್ತಿತ್ತು. ಹೀಗಾಗಿ ಅರ್ಧ ಗಂಟೆಗೊಮ್ಮೆ ಏಳುವವರು ಊಟದ ಹೊತ್ತಿಗೆ ಎರಡು ಅರ್ಜಿ ಹಿಂದೆ ಬೀಳುತ್ತಿದ್ದರು. ತಿಂಗಳ ಕೊನೆಗೆ, ಎದ್ದು ನಿಲ್ಲಲು ಯಾರಿಗೂ ಆಸಕ್ತಿ ಇಲ್ಲವೆಂದು ಸಮಿತಿ ವರದಿ ಮಾಡಿತು.

ಪ್ರಮಾಣಿತ ಬೆನ್ನಿನ ಹುಡುಕಾಟ ಮಾತ್ರ ಶ್ರದ್ಧೆಯಿಂದ ನಡೆಯಿತು. ಫಿಸಿಯೋ ಮೇಡಂ ಬೆನ್ನೆಲುಬಿನ ಚಿತ್ರವೊಂದನ್ನು ಕಳಿಸಿದಳು. ಚಿತ್ರ ಮಡಚಿಹೋಗಬಹುದೆಂಬ ಕಾರಣಕ್ಕೆ ವಾಪಸಾಯಿತು. ಆಮೇಲೆ ಯಾರೋ ಗುಡಿಸುವ ಅಕ್ಕನ ಹೆಸರು ಹೇಳಿದರು. ಕಚೇರಿಯಲ್ಲಿ ಕುರ್ಚಿ ಇಲ್ಲದವಳು ಆಕೆಯೊಬ್ಬಳೇ, ಬೆನ್ನು ಬಾಗಿಲಿನ ಚೌಕಟ್ಟಿನ ಹಾಗೆ ನೆಟ್ಟಗಿತ್ತು. ಸಮಿತಿ ಆಕೆಯನ್ನು ಕರೆಸಿ, ಗಾರೆ ಕೆಲಸದವರು ಗೋಡೆ ನೋಡಲು ಇಳಿಬಿಡುವ ಗುಂಡು ಕಟ್ಟಿದ ದಾರವನ್ನು ಕತ್ತಿನ ಹಿಂದೆ ಇಳಿಬಿಟ್ಟು, ಕೋನಮಾಪಕದಿಂದ ಅಳೆಯಿತು. ಬೆಳಿಗ್ಗೆ ಸೊನ್ನೆ ಡಿಗ್ರಿ. ಹನ್ನೊಂದಕ್ಕೆ, ಗುಡಿಸುವಾಗ, ಅರವತ್ತು. ಊಟದ ಹೊತ್ತಿಗೆ ಮತ್ತೆ ಸೊನ್ನೆ. ನಡುವೆ ಒಮ್ಮೆ ಆಕೆ ಸೊಂಟಕ್ಕೆ ಕೈ ಕೊಟ್ಟು ಹಿಂದಕ್ಕೆ ಬಾಗಿ ಮೈ ಮುರಿದಾಗ ಸೊನ್ನೆಗಿಂತ ಕೆಳಗೆ ಹೋಯಿತು.

ಅಧೀಕ್ಷಕರು ತಲೆಯ ಮೇಲೆ ಕೈ ಹೊತ್ತರು. "ಈ ಬೆನ್ನನ್ನ ನಂಬೋ ಹಾಗಿಲ್ಲ. ಮೂಲಮಾದರಿ ಅಂದ್ರೆ ಅಲುಗಾಡಬಾರದು. ಗಾಜಿನ ಪೆಟ್ಟಿಗೇಲಿರೋ ಗೋಲು ಬೆಳಿಗ್ಗೆ ಒಂದು ಉದ್ದ, ಮಧ್ಯಾಹ್ನ ಒಂದು ಉದ್ದ ಇರುತ್ತಾ?"

ಸಮಿತಿಯ ಕಣ್ಣು ಆಗ ಮೂಲೆಯಲ್ಲಿ ನಡಾವಳಿ ಬರೆಯುತ್ತಿದ್ದ ಮುದ್ರೆಯವರ ಮೇಲೆ ಬಿತ್ತು. ಅವರನ್ನು ನಿಲ್ಲಿಸಿ ಅಳೆದರು, ಮೂವತ್ತೊಂದು ಡಿಗ್ರಿ. ಕೂರಿಸಿ ಅಳೆದರು, ಮೂವತ್ತೊಂದು. ಬೆಂಚಿನ ಮೇಲೆ ಮಗ್ಗುಲಾಗಿ ಮಲಗಿಸಿ ಅಳೆದರು, ಮೂಗಿಗೆ ಮೆಣಸಿನ ಪುಡಿ ಹಿಡಿದು ಸೀನಿಸಿ ಅಳೆದರು. ಒಂದು ವಾರ ಮೂರು ಹೊತ್ತೂ ಅಳೆದರೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. "ಇಷ್ಟು ಪ್ರಾಮಾಣಿಕವಾದ ಬೆನ್ನು ನಮ್ಮ ನಡುವೆಯೇ ಇಟ್ಕೊಂಡು ಊರೆಲ್ಲ ಹುಡುಕಿದ್ವಲ್ಲ!" ಎಂದು ಅಧೀಕ್ಷಕರು ಗದ್ಗದಿತರಾದರು. ನಿಜ ಹೇಳಬೇಕೆಂದರೆ ಮುದ್ರೆಯವರೂ ಉಬ್ಬಿಹೋದರು. ಆರು ವರ್ಷ ಬರೀ ಅಯ್ಯೋ ಪಾಪ ಅನ್ನಿಸಿಕೊಂಡ ಬೆನ್ನಿಗೆ ಮೊದಲ ಸಲ ಒಳ್ಳೆಯ ಮಾತು ಸಿಕ್ಕಿತ್ತು.

ಇನ್ನು ಮುಂದೆ ಮೂವತ್ತೊಂದು ಡಿಗ್ರಿಯನ್ನೇ ನೆಟ್ಟಗೆ ಎಂದು ತಿಳಿಯತಕ್ಕದ್ದೆಂಬ ಆದೇಶ ಹೊರಟಿತು. ಪ್ರಮಾಣಿತ ಬೆನ್ನಿನ ಮೇಲೆ ಮುದ್ರೆ ಒತ್ತುವ ಸಮಾರಂಭದಲ್ಲಿ ಮಾತ್ರ ಸಣ್ಣ ತೊಡಕಾಯಿತು. ನಿಯಮದ ಪ್ರಕಾರ ಮುದ್ರೆಯನ್ನು ಮುದ್ರೆಯವರೇ ಒತ್ತಬೇಕು, ಅವರ ಕೈಯೋ ಅವರ ಬೆನ್ನಿಗೆ ಎಟುಕದು. ಕೊನೆಗೆ ಮುದ್ರೆಯನ್ನು ಗೋಡೆಗೆ ಕಟ್ಟಿ, ಅವರೇ ಹಿಂದೆ ಹಿಂದೆ ನಡೆದು ಹೋಗಿ ಅದಕ್ಕೆ ಒರಗಿದರು. ನೇರಳೆ ಮಸಿ ಅಂಗಿಯ ಮೇಲೆ ಸ್ಪಷ್ಟವಾಗಿ ಮೂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಗೂನು ಬಂದಿದ್ದಕ್ಕೆ ಸನ್ಮಾನ ಮಾಡಿದ್ರಾ?" ಎಂದು ಹೆಂಡತಿ ಅಂಗಿಯನ್ನು ಬಕೆಟ್ಟಿಗೆ ಹಾಕುತ್ತ ಕೇಳಿದಳು.

"ಗೂನು ಅನ್ನಬೇಡ ಕಣೆ. ಈಗ ಅದೇ ನೆಟ್ಟಗೆ."

"ಹಂಗಾದ್ರೆ ನಾನು?"

ಮುದ್ರೆಯವರು ಆಕೆಯನ್ನು ಮೇಲಿಂದ ಕೆಳಗೆ ನೋಡಿ, "ನಿನ್ನದು ಸ್ವಲ್ಪ ಕೊರತೆ" ಎಂದರು. ಅಂದು ಆ ಮನೆಯಲ್ಲಿ ಮತ್ತೆ ಮಾತುಕತೆ ಆಗಲಿಲ್ಲ.

ಕಚೇರಿಯಲ್ಲಿ ಸಿಬ್ಬಂದಿಯನ್ನೆಲ್ಲ ಒಬ್ಬೊಬ್ಬರಾಗಿ ಮುದ್ರೆಯವರ ಪಕ್ಕ ನಿಲ್ಲಿಸಿ ಹೋಲಿಸಲಾಯಿತು. ಇಪ್ಪತ್ತೈದು, ಇಪ್ಪತ್ತೆಂಟು ಡಿಗ್ರಿ ಇದ್ದ ಹಳಬರು ಅಲ್ಪ ಸ್ವಲ್ಪ ತಿದ್ದುಪಡಿಯಲ್ಲಿ ಪಾಸಾದರು. ಹೊಸಬರಿಗೆ ಕೊರತೆಯ ನೋಟೀಸು ಹೋಯಿತು. ಗುಡಿಸುವ ಅಕ್ಕನದು ಪೂರ್ತಿ ಮೂವತ್ತೊಂದು ಡಿಗ್ರಿ ಕೊರತೆ. "ನನಗೆ ನೋವೇ ಇಲ್ಲವಲ್ಲ ಸಾರ್" ಎಂದಳು. ಕಾಯಿಲೆ ಒಳಗೇ ಅಡಗಿ ಕೂತಿದ್ದರೆ ಹಾಗೆಯೇ ಎಂದು ತಿಳಿಹೇಳಿ, ದಿನಕ್ಕೆ ಐದು ಗಂಟೆ ಕೂರುವ ಚಿಕಿತ್ಸೆ ಬರೆದುಕೊಟ್ಟರು.

ಚಿಕಿತ್ಸೆಗೆ ಕುರ್ಚಿ ಬೇಕಲ್ಲ. ಬಡಗಿಯನ್ನು ಕರೆಸಿ ಮುದ್ರೆಯವರ ಕುರ್ಚಿಯನ್ನು ತೋರಿಸಿ, ಥೇಟ್ ಹೀಗೇ ನಲವತ್ತು ಮಾಡಬೇಕೆಂದರು. ಬಡಗಿ ಅದನ್ನು ತಲೆಕೆಳಗು ಮಾಡಿ ನೋಡಿ ಗಾಬರಿಯಾದ.

"ಸ್ವಾಮಿ, ಈ ಎಡಗಾಲು?"

"ಅಷ್ಟೇ ಗಿಡ್ಡ ಇರಬೇಕು."

"ಈ ಜೋತುಬಿದ್ದ ಬೆತ್ತ?"

"ಅಷ್ಟೇ ಜೋಲಬೇಕು."

"ಒಳ್ಳೆ ಕುರ್ಚಿ ಮಾಡೋಕೆ ನನಗೆ ಒಂದು ದಿನ ಸಾಕು ಸ್ವಾಮಿ. ಇಂಥದ್ದು ಮಾಡೋಕೆ ಮೂರು ದಿನ ಬೇಕು. ಕೈ ಕೇಳಲ್ಲ."

ಇಷ್ಟರ ನಡುವೆಯೂ ಮುದ್ರೆಯವರು ಪುಟ್ಟಿಯನ್ನು ಮರೆತಿರಲಿಲ್ಲ. ಬೆಳಿಗ್ಗೆ ಕಚೇರಿಗೆ ಹೊರಡುವ ಮುನ್ನ ಬಾಗಿಲು ಹಾಕಿಕೊಂಡು, ಫಿಸಿಯೋ ಮೇಡಂ ಹೇಳಿಕೊಟ್ಟಂತೆ ಚಾಪೆಯ ಮೇಲೆ ಮಲಗಿ ಮೊಣಕಾಲು ಎದೆಗೆ ತರುತ್ತಿದ್ದರು, ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದರು. ಹೆಂಡತಿ ಪಕ್ಕದಲ್ಲಿ ನಿಂತು ಹತ್ತರವರೆಗೆ ಎಣಿಸುತ್ತಿದ್ದಳು, ಏಳರ ಹತ್ತಿರ ಬಂದಾಗ ಬೇಕೆಂದೇ ಮರೆತು ಮತ್ತೆ ಮೂರರಿಂದ ಶುರು ಮಾಡುತ್ತಿದ್ದಳು. ಕಚೇರಿಯಲ್ಲಿ ರಿಜಿಸ್ಟರಿನ ಕೆಳಗೆ ನಾಲ್ಕು ಹಳೆಯ ರಿಜಿಸ್ಟರು ಇಟ್ಟುಕೊಂಡರು. ನೀರು ಕುಡಿಯುವ ನೆಪದಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ಹೂಜಿಯವರೆಗೆ ಹೋಗಿ ಬರುತ್ತಿದ್ದರು.

ಐದಾರು ತಿಂಗಳಿಗೆ ಒಂದು ಬೆಳಿಗ್ಗೆ ಅವರಿಗೆ ಎದುರು ಮನೆಯ ಕಿಟಕಿ ಕಾಣಿಸಿತು. ಅಲ್ಲಿಯವರೆಗೆ ಅದರ ಕೆಳಗಿನ ಚರಂಡಿ ಮಾತ್ರ ಕಾಣುತ್ತಿತ್ತು. ಕಿಟಕಿಯಲ್ಲಿದ್ದ ಮುದುಕ ಕೈ ಬೀಸಿದ. ಇವರೂ ಬೀಸಿದರು. ಆರು ವರ್ಷದಿಂದ ಆತ ದಿನಾ ಕೈ ಬೀಸುತ್ತಿದ್ದನಂತೆ, ಇವರು ಜಂಬದ ಮನುಷ್ಯನೆಂದುಕೊಂಡಿದ್ದನಂತೆ. ಮುದ್ರೆಯವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ವರ್ಷ ತುಂಬುತ್ತ ಬಂದಾಗ ಫಿಸಿಯೋ ಮೇಡಂ ದಾರ ಇಳಿಬಿಟ್ಟು ನೋಡಿ, "ಇಪ್ಪತ್ನಾಲ್ಕಕ್ಕೆ ಬಂದಿದ್ದೀರಿ. ಮುಂದಿನ ವಾರ ಎತ್ತಿ ಸರ್, ನಾನು ಹೇಳ್ತೀನಿ" ಎಂದಳು. ಅವರು ಮನೆಗೆ ಬಂದು ಪುಟ್ಟಿಗೆ ಮಾತು ಕೊಟ್ಟರು. ಭಾನುವಾರ, ಗಡಿಯಾರ ಹತ್ತು ಹೊಡೆದಾಗ. ಪುಟ್ಟಿ ಅಂದಿನಿಂದ ಎಲ್ಲರನ್ನೂ ಭಾನುವಾರ ಯಾವಾಗ ಎಂದು ಕೇಳಿ ಪ್ರಾಣ ತಿಂದಳು.

ಶುಕ್ರವಾರ ವಾರ್ಷಿಕ ತಪಾಸಣೆ ಬಂತು. ಮೂಲಮಾದರಿಗಳನ್ನೆಲ್ಲ ವರ್ಷಕ್ಕೊಮ್ಮೆ ಪರೀಕ್ಷಿಸುವುದು ಕಚೇರಿಯ ಪದ್ಧತಿ. ಗೋಲು ಸರಿಯಿತ್ತು, ಲೀಟರಿನ ಪಾತ್ರೆ ಸರಿಯಿತ್ತು. ಬೆನ್ನು ಇಪ್ಪತ್ನಾಲ್ಕು ಡಿಗ್ರಿ ಇತ್ತು.

ಅಧೀಕ್ಷಕರು ಬಾಗಿಲು ಮುಚ್ಚಿಸಿದರು. ಬೈಯಲಿಲ್ಲ, ಕೂಗಾಡಲಿಲ್ಲ. ಹಳೆಯ ಕಡತವೊಂದನ್ನು ತಂದು ಮುದ್ರೆಯವರ ಮುಂದಿಟ್ಟರು. ಹನ್ನೆರಡು ವರ್ಷದ ಹಿಂದೆ ತೂಕದ ಕಲ್ಲಿನ ತಳವನ್ನು ಅರದಿಂದ ಉಜ್ಜಿ ತೂಕ ಇಳಿಸಿದ್ದ ಕಿರಾಣಿ ಅಂಗಡಿಯವನ ಮೇಲಿನ ಕಡತ ಅದು. ಕೊನೆಯ ಹಾಳೆಯಲ್ಲಿ ಮುದ್ರೆಯವರದೇ ಅಕ್ಷರ: 'ಮುದ್ರೆ ಬಿದ್ದ ಮೇಲೆ ಎಳ್ಳಷ್ಟು ತೆಗೆದವನೂ ಕಳ್ಳನೇ.'

"ಎಷ್ಟು ತೆಗೆದಿದ್ದೀರಿ ಮುದ್ರೆಯವರೇ?"

"ಏಳು ಡಿಗ್ರಿ ಸರ್."

"ನಿಮ್ಮನ್ನ ನೋಡಿ ಮುದ್ರೆ ಹಾಕಿಸ್ಕೊಂಡ ಇಪ್ಪತ್ತೊಂಬತ್ತು ಬೆನ್ನುಗಳು ಇವತ್ತು ಸುಳ್ಳಾಗ್ತವೆ. ಜಿಲ್ಲೆಯ ಶಾಲೆಗಳೂ ಮಕ್ಕಳಿಗೆ ಇದೇ ಅಳತೆ ತಗೊಂಡಿವೆ. ಅವರಿಗೆಲ್ಲ ಏನು ಹೇಳಲಿ?"

"ಮೊಮ್ಮಗಳನ್ನ ಒಂದ್ಸಲ ಎತ್ತೋಣ ಅಂತ ಸರ್." "ಒಂದೇ ಸಲ. ಗಡಿಯಾರ ಮುಟ್ಟಿಸಬೇಕಿತ್ತು."

ಅಧೀಕ್ಷಕರ ಕಣ್ಣಲ್ಲಿ ನೀರು ಬಂತು. ಅವರಿಗೂ ಮೊಮ್ಮಕ್ಕಳಿದ್ದರು, ಅವರೂ ಎತ್ತುತ್ತಿರಲಿಲ್ಲ. "ಆ ಕಿರಾಣಿಯವನೂ ಮಗಳ ಹೆಸರು ಹೇಳೇ ಅತ್ತಿದ್ದ" ಎಂದರು ಮೆಲ್ಲಗೆ.

ಅದು ಮುದ್ರೆಯವರಿಗೂ ನೆನಪಿತ್ತು. ಆವತ್ತು ಅವನ ಮಾತು ಕೇಳದೆ ಕಲ್ಲನ್ನು ಜಪ್ತಿ ಮಾಡಿಕೊಂಡು ಬಂದವರು ಅವರೇ. ಇಷ್ಟು ವರ್ಷ ಒಂದು ಸುಳ್ಳು ತೂಕವನ್ನೂ ದಾಟಲು ಬಿಡದ ಮನುಷ್ಯ ತಾನೇ ಒಂದು ಸುಳ್ಳು ತೂಕವಾಗಿ ಮನೆಗೆ ಹೋಗುವುದು ಹೇಗೆ? ಅವರು ಬೇರೆ ಯಾರೂ ಹೇಳುವ ಮೊದಲೇ ತಮ್ಮ ಕುರ್ಚಿಗೆ ಹೋಗಿ, ರಿಜಿಸ್ಟರಿನ ಕೆಳಗಿದ್ದ ನಾಲ್ಕು ರಿಜಿಸ್ಟರುಗಳನ್ನು ತೆಗೆದು ಪಕ್ಕಕ್ಕಿಟ್ಟು, ಕೂತರು. ಹೂಜಿಯನ್ನು ಕೈಗೆ ಸಿಗುವಷ್ಟು ಹತ್ತಿರಕ್ಕೆ ತರಿಸಿಕೊಂಡರು.

ಭಾನುವಾರ ಗಡಿಯಾರ ಹತ್ತು ಹೊಡೆಯಿತು. ಪುಟ್ಟಿ ಅದರ ಕೆಳಗೆ ನಿಂತು ಕೈ ಎತ್ತಿದಳು. ಎತ್ತುವ ಶಕ್ತಿ ಆ ಹೊತ್ತಿಗೆ ಮುದ್ರೆಯವರ ಬೆನ್ನಲ್ಲಿ ಇದ್ದೇ ಇತ್ತು. "ಇವತ್ತು ಬೇಡ ಕಂದ, ಕಚೇರಿಯವರು ಬೇಡ ಅಂದಿದ್ದಾರೆ" ಎಂದರು. ಪುಟ್ಟಿ ಅಳಲಿಲ್ಲ. ಕೈಗಳನ್ನು ಒಂದೊಂದಾಗಿ ಕೆಳಗಿಳಿಸಿದಳು. ಅತ್ತಿದ್ದರೇ ಚೆನ್ನಾಗಿತ್ತು.

ನಾಲ್ಕು ತಿಂಗಳಲ್ಲಿ ಬೆನ್ನು ಮೂವತ್ತೊಂದಕ್ಕೆ ಮರಳಿತು. ಅಧೀಕ್ಷಕರು ಸಿಹಿ ಹಂಚಿದರು. ಬಾಕಿ ಇದ್ದ ಅರ್ಜಿಗೂ ಉತ್ತರ ಬಂತು: 'ಸದರಿ ಕುರ್ಚಿಯು ಪ್ರಮಾಣಿತ ಬೆನ್ನಿನ ಉಗಮಸ್ಥಾನವಾಗಿರುವುದರಿಂದ ಅದನ್ನು ಸಂರಕ್ಷಿತ ವಸ್ತುವೆಂದು ಘೋಷಿಸಲಾಗಿದೆ. ಬದಲಿಸುವ ಪ್ರಶ್ನೆ ಉದ್ಭವಿಸುವುದಿಲ್ಲ. ಅರ್ಜಿದಾರರ ಕಾಳಜಿಯನ್ನು ಶ್ಲಾಘಿಸಲಾಗಿದೆ.' ಮೂಲಮಾದರಿಯನ್ನು ತಿದ್ದಲು ನೆರವಾದಳೆಂದು ಫಿಸಿಯೋ ಮೇಡಂಗೂ ಎಚ್ಚರಿಕೆಯ ಪತ್ರ ಹೋಯಿತು. ಆಕೆ ಈಗ ಮೊಣಕೈ ಮಾತ್ರ ನೋಡುತ್ತಾಳೆ. ಗುಡಿಸುವ ಅಕ್ಕ ಇಪ್ಪತ್ತಾರು ಡಿಗ್ರಿ ಮುಟ್ಟಿದ್ದಾಳೆ, ನೋವೂ ಬಂದಿದೆ. ನೋಟೀಸು ರದ್ದಾದ ದಿನ ಆಕೆ ಎಲ್ಲರಿಗೂ ಕೈ ಮುಗಿದಳು. ಕಸ ಮಾತ್ರ ಹಾಗೇ ಇದೆ, ಅದಕ್ಕಿನ್ನೂ ಪ್ರಮಾಣ ಗೊತ್ತಾಗಿಲ್ಲ.

ಜೂನ್ ತಿಂಗಳಲ್ಲಿ ಪುಟ್ಟಿ ಶಾಲೆಗೆ ಸೇರಿದಳು. ಎರಡನೆಯ ವಾರವೇ ಅವಳ ಬೆನ್ನಿಗೆ ಕೊರತೆಯ ಚೀಟಿ ಬಂತು. ಅವಳು ಗಟ್ಟಿಗಿತ್ತಿ. ದಿನಾ ಸಂಜೆ ತಾತನ ಹಿಂದೆ ಹಿಂದೆ ನಡೆದು, ತಾತ ಹೇಗೆ ನಡೆಯುತ್ತಾರೋ ಹಾಗೆ ನಡೆಯುವುದನ್ನು ಕಲಿತಳು. ರಸ್ತೆಯಲ್ಲಿ ಯಾರೋ ನಿಂತು, "ಇಬ್ರೂ ಏನು ಹುಡುಕ್ತಾ ಇದ್ದೀರಾ?" ಎಂದು ಕೇಳಿದರಂತೆ.

ಒಂದು ಸಂಜೆ ಅವಳು ಗಡಿಯಾರದ ಕೆಳಗೆ ಬಂದು ಬೆನ್ನು ತೋರಿಸಿ ನಿಂತಳು. "ತಾತ, ಅಳೆ."

ಮುದ್ರೆಯವರು ದಾರ ಇಳಿಬಿಟ್ಟು, ಕೋನಮಾಪಕ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. ಸ್ವಂತ ಮೊಮ್ಮಗಳೆಂದು ಒಂದು ಡಿಗ್ರಿಯನ್ನೂ ಹೆಚ್ಚು ಬರೆಯುವ ಮನುಷ್ಯ ಅವರಲ್ಲ.

"ಇಪ್ಪತ್ತೇಳು. ಇನ್ನೂ ನಾಲ್ಕು ಕಮ್ಮಿ ಪುಟ್ಟಿ."

"ಸರಿಹೋಗುತ್ತಾ?"

"ಹೋಗುತ್ತಮ್ಮ. ಬೆಂಚಿನ ಮೇಲೆ ಕೂತು ಬರೀತಾ ಇರು, ತಾನಾಗೇ ಸರಿಹೋಗುತ್ತೆ."

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದಳು. ಸ್ಟೂಲು ತಂದು ಹತ್ತಿ ಗಡಿಯಾರವನ್ನು ಇಳಿಸಿ, ಸುತ್ತಿಗೆ ತೆಗೆದುಕೊಂಡು ಸೊಂಟದೆತ್ತರಕ್ಕೆ ಹೊಸ ಮೊಳೆ ಹೊಡೆದು ತೂಗುಹಾಕಿದಳು. ಪುಟ್ಟಿ ಗಾಜಿನ ಬಾಗಿಲು ತೆಗೆದು ಹಿತ್ತಾಳೆಯ ಬಿಲ್ಲೆಯನ್ನು ಮುಟ್ಟಿದಳು. ಯಾರೂ ಅವಳನ್ನು ಎತ್ತಬೇಕಾಗಲಿಲ್ಲ. ಈಗ ಆ ಮನೆಯಲ್ಲಿ ಗಂಟೆ ಎಷ್ಟೆಂದು ನೋಡಲು ಯಾರೂ ತಲೆ ಎತ್ತುವುದಿಲ್ಲ.